ಜನ 14ರಿಂದ 9ಕ್ಕೆ ಇಳಿದರು, ಟಾರ್ಗೆಟ್ ಇಳಿದಿಲ್ಲ: ಟೀಮಿಗೆ 'ನಮ್ಮ ಉದ್ದೇಶ' ಅಂತ ಹೇಗೆ ಹೇಳೋದು?

ಎರಡನೇಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲ್ಯಾಬ್ ಯಂತ್ರಗಳ ಸರ್ವೀಸ್ ಟೀಮಿನ ಲೀಡ್ ನಾನು. ಆಸ್ಪತ್ರೆ ಮತ್ತು ಡಯಾಗ್ನೋಸ್ಟಿಕ್ ಲ್ಯಾಬುಗಳಲ್ಲಿರುವ ರಕ್ತಪರೀಕ್ಷೆ ಯಂತ್ರಗಳ ರಿಪೇರಿ, ಕಾಲಕಾಲಕ್ಕೆ ಸರ್ವೀಸು, ಫೋನಿನಲ್ಲಿ ಸಹಾಯ, ಇವು ನಮ್ಮ ಕೆಲಸ. ಟೀಮಿನಲ್ಲಿ 14 ಜನ ಇದ್ದೆವು, ಈ ತಿಂಗಳಿಂದ 9 ಜನ. ಇನ್‌ಕ್ರಿಮೆಂಟ್ ಇಲ್ಲ. ಟಾರ್ಗೆಟ್ ಹಾಗೇ ಇದೆ.

'ಟೀಮಿಗೆ ಉದ್ದೇಶ ನೆನಪಿಸಿ, ಹುರಿದುಂಬಿಸಿ' ಅಂತ ಮೇಲಿನವರ ಸೂಚನೆ ಬಂದಿದೆ. ಉದ್ದೇಶ ಇಲ್ಲ ಅಂತಲ್ಲ, ನಮ್ಮ ಕೆಲಸಕ್ಕೆ ನಿಜವಾದ ಅರ್ಥ ಇದೆ. ಆದರೆ ಐದು ಜನರನ್ನು ಕಳಿಸಿದ ಮರುವಾರ ಅದನ್ನು ಹೇಳಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ಕೇಳಿಸುತ್ತದೆ.

ವಾರಕ್ಕೆ ಬೇಕಾಗುವ ಗಂಟೆಗಳ ಅಂದಾಜು ಹೀಗಿದೆ: ತುರ್ತು ರಿಪೇರಿ 120, ನಿಗದಿತ ಸರ್ವೀಸ್ 110, ಫೋನ್ ಕರೆಗಳು 50, ಸೇಲ್ಸ್‌ನವರ ಡೆಮೊಗೆ ಸಹಾಯ 45, ಒಳಗಿನ ರಿಪೋರ್ಟುಗಳು 30, ಲ್ಯಾಬ್ ಸಿಬ್ಬಂದಿಗೆ ತರಬೇತಿ 25, ರಿವ್ಯೂ ಸ್ಲೈಡುಗಳು 20.

ಕೇಳಬೇಕಾದ್ದು: ಏನು ಹೇಳಿದರೆ ಟೊಳ್ಳಾಗುವುದಿಲ್ಲ? ಯಾವ ಕೆಲಸ ಹಿಡಿಯಲಿ, ಯಾವುದು ಬಿಡಲಿ? 'ಮುಂದಿನ ಸರದಿ ನಂದಾ?' ಅಂತ ಯಾರಾದರೂ ಕೇಳಿದರೆ ಉತ್ತರ ಏನು?

ಅಳತೆಗೋಲು

ಮಾತು ಆಮೇಲೆ. ಮೊದಲು ಗಂಟೆ ಲೆಕ್ಕ. ಟೀಮಿನವರು ನಿಮ್ಮ ಭಾಷಣವನ್ನು ಪಕ್ಕಕ್ಕಿಟ್ಟು ನಿಮ್ಮ ಕ್ಯಾಲೆಂಡರ್ ನೋಡುತ್ತಾರೆ. 'ರೋಗಿಗೋಸ್ಕರ' ಅಂತ ಬೆಳಗ್ಗೆ ಹೇಳಿ ಮಧ್ಯಾಹ್ನ ಒಬ್ಬ ಇಂಜಿನಿಯರನ್ನು ಸ್ಲೈಡ್ ಮಾಡಲು ಕೂರಿಸಿದರೆ, ಉದ್ದೇಶ ಯಾವುದು ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ನೀವು ಕೊಟ್ಟದ್ದು ಕೂಡಿದರೆ 400 ಗಂಟೆ. ಇರುವವರು 9 ಜನ, ತಲಾ 40 ಗಂಟೆ ಅಂದರೆ 360. ರಜೆ, ಮೀಟಿಂಗು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ ಹೋಗುವ ಹೊತ್ತು, ಇವಕ್ಕೆ ಕಾಲು ಭಾಗ ತೆಗೆಯಿರಿ. ಉಳಿಯುವುದು 270. ಕೊರತೆ 130 ಗಂಟೆ. ಈ 130 ಗಂಟೆ ಎಲ್ಲಿಗೂ ಹೋಗುವುದಿಲ್ಲ. ನೀವು ಕೂತು ತೆಗೆಯದಿದ್ದರೆ ರಾತ್ರಿ, ಭಾನುವಾರ ಮತ್ತು ಅರ್ಧಂಬರ್ಧ ಮಾಡಿದ ಸರ್ವೀಸು ಅದನ್ನು ತೆರುತ್ತವೆ.

ನನ್ನ ಕಡೆಯಿಂದ ಒಂದು ಕರಡು. ಡೆಮೊ 45ರಿಂದ ಸೊನ್ನೆ, ಮೂರು ತಿಂಗಳ ಮಟ್ಟಿಗೆ ಸೇಲ್ಸ್‌ನವರೇ ಮಾಡಲಿ. ಸ್ಲೈಡ್ 20ರಿಂದ 5: ಒಂದೇ ಪುಟ, ಅದೂ ತಿಂಗಳಿಗೊಮ್ಮೆ. ರಿಪೋರ್ಟು 30ರಿಂದ 8. ತರಬೇತಿ 25ರಿಂದ 10. ಫೋನ್ 50ರಿಂದ 42: ದಿನವೂ ಇಬ್ಬರನ್ನೇ ಫೋನಿಗೆ ಕೂರಿಸಿದರೆ ಉಳಿದ ಏಳು ಜನರ ಕೆಲಸ ನಡುನಡುವೆ ತುಂಡಾಗುವುದು ತಪ್ಪುತ್ತದೆ. ನಿಗದಿತ ಸರ್ವೀಸ್ 110ರಿಂದ 85, ಆದರೆ ಭೇಟಿಗಳ ಸಂಖ್ಯೆಯನ್ನು ಮುಟ್ಟಬೇಡಿ. ಒಂದೇ ದಾರಿಯಲ್ಲಿರುವ ಲ್ಯಾಬುಗಳನ್ನು ಒಂದೇ ದಿನಕ್ಕೆ ಸೇರಿಸಿ, ಪ್ರಯಾಣದಲ್ಲಿ ಉಳಿಸಿ. ತುರ್ತು ರಿಪೇರಿ 120 ಹಾಗೇ. ಒಟ್ಟು 270.

ನಿಗದಿತ ಸರ್ವೀಸಿಗೆ ಕತ್ತರಿ ಹಾಕುವ ಆಸೆ ಬಂದೇ ಬರುತ್ತದೆ, ಏಕೆಂದರೆ ಅದನ್ನು ಬಿಟ್ಟರೆ ಈ ವಾರ ಯಾರೂ ಫೋನ್ ಮಾಡುವುದಿಲ್ಲ. ಪಂಪ್ ಟ್ಯೂಬ್ ಬದಲಾಯಿಸದೆ, ಪ್ರೋಬ್ (ಸ್ಯಾಂಪಲ್ ಹೀರುವ ಸೂಜಿ) ಶುಚಿ ಮಾಡದೆ, ಫಿಲ್ಟರ್ ನೋಡದೆ ಬಿಟ್ಟದ್ದೆಲ್ಲ ಕೆಲವು ತಿಂಗಳಲ್ಲಿ ತುರ್ತು ಕರೆಯಾಗಿ ವಾಪಸ್ ಬರುತ್ತದೆ. ಆಗ ಅದೇ ಕೆಲಸಕ್ಕೆ ಹೆಚ್ಚು ಗಂಟೆ ಬೇಕು, ಬೈಗುಳ ಬೇರೆ. ತಯಾರಕರು ಹೇಳಿದ ಅವಧಿ ಮೀರಿದರೆ ಯಂತ್ರ ಕೊಡುವ ಫಲಿತಾಂಶದ ಮೇಲೂ ಪ್ರಶ್ನೆ ಏಳುತ್ತದೆ.

ರಿಪೋರ್ಟು ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. 'ಇದು ನಿಮಗೆ ಬೇಕಾ?' ಅಂತ ಕೇಳಬೇಡಿ, ಯಾರನ್ನು ಕೇಳಿದರೂ ಬೇಕು ಅಂತಾರೆ. 'ಹೋದ ತಿಂಗಳು ಇದನ್ನು ನೋಡಿ ಯಾವ ತೀರ್ಮಾನ ತಗೊಂಡ್ರಿ?' ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಆ ರಿಪೋರ್ಟು ನಿಲ್ಲಿಸಬಹುದು. ನಿಲ್ಲಿಸಿದ ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆದಿಡಿ: ಏನು ನಿಂತಿತು, ಯಾವ ತಾರೀಖಿನಿಂದ, ಯಾರಿಗೆ ತಿಳಿಸಲಾಯಿತು, ಮತ್ತೆ ಯಾವಾಗ ನೋಡುವುದು. ಈ ಪಟ್ಟಿಯನ್ನು ಟೀಮಿನ ಕಣ್ಣಿಗೆ ಬೀಳುವ ಕಡೆ ಹಾಕಿ. ಉದ್ದೇಶದ ಬಗ್ಗೆ ನೀವು ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಆ ಪಟ್ಟಿ.

ನೇರಮಾತು

ಮೇಲಿನ ಲೆಕ್ಕಕ್ಕೆ ನನ್ನ ಸಹಮತ ಇದೆ. ಆದರೆ ಆ ಲೆಕ್ಕ ಸಿದ್ಧವಾಗುವವರೆಗೆ ಬಾಯಿ ಮುಚ್ಚಿ ಕೂರಬೇಡಿ. ಲೀಡ್ ಮಾತಾಡದ ಜಾಗವನ್ನು ಗಾಳಿಮಾತು ತುಂಬುತ್ತದೆ.

ವಾರಕ್ಕೊಂದು ಸಲ, ಒಂದೇ ದಿನ, ಒಂದೇ ಹೊತ್ತು, 15 ನಿಮಿಷ. ಹೇಳಬೇಕಾದ್ದು ಮೂರೇ: ಈಗ ಗೊತ್ತಿರುವುದು ಏನು, ಗೊತ್ತಿಲ್ಲದ್ದು ಏನು, ಮುಂದಿನ ಸುದ್ದಿ ಯಾವಾಗ. ಉದಾಹರಣೆಗೆ: 'ಮೂರು ತಿಂಗಳು ಡೆಮೊಗೆ ನಾವು ಹೋಗಲ್ಲ, ಇದು ಖಚಿತ. ಓವರ್‌ಟೈಮ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಗುರುವಾರ ಮತ್ತೆ ಕೇಳ್ತೀನಿ. ಉತ್ತರ ಬಂದ್ರೂ ಬರದಿದ್ರೂ ಶುಕ್ರವಾರ ಹತ್ತು ಗಂಟೆಗೆ ನಿಮಗೆ ಹೇಳ್ತೀನಿ.' ಇಷ್ಟೇ ಸಾಕು. ಸುದ್ದಿ ಇಲ್ಲದ ವಾರ ಮೀಟಿಂಗ್ ರದ್ದು ಮಾಡಿದರೆ ಅದೇ ದೊಡ್ಡ ಸುದ್ದಿಯಾಗುತ್ತದೆ. ಐದು ನಿಮಿಷದಲ್ಲಿ ಮುಗಿದರೂ ಸರಿ, ನಡೆಸಲೇಬೇಕು.

ಹೋದ ಐದು ಜನರ ಹೆಸರು ಹಿಡಿದು ಮಾತಾಡಿ. ಯಾರ ಲ್ಯಾಬುಗಳು ಈಗ ಯಾರ ಪಾಲಿಗೆ, ಅವರು ಬಿಟ್ಟು ಹೋದ ಅರೆಬರೆ ಕೆಲಸ ಯಾವುದು, ಎಲ್ಲವನ್ನೂ ಹೇಳಿ. ಗ್ರೂಪಿನಿಂದ ಸದ್ದಿಲ್ಲದೆ ಹೆಸರು ತೆಗೆದು ಏನೂ ಆಗಿಲ್ಲ ಅನ್ನುವ ಹಾಗೆ ನಡೆದುಕೊಂಡರೆ, ಉಳಿದ ಒಂಬತ್ತು ಜನಕ್ಕೂ 'ನಾಳೆ ನನ್ನನ್ನೂ ಹೀಗೇ ಅಳಿಸ್ತಾರೆ' ಅನ್ನಿಸುತ್ತದೆ. ಹಾಗೆ ಅನ್ನಿಸಿದವರಿಗೆ ಯಾವ ಉದ್ದೇಶವೂ ಕಿವಿಗೆ ಬೀಳುವುದಿಲ್ಲ.

ಇನ್ನು 'ಮುಂದಿನ ಸರದಿ ನಂದಾ?' ಅನ್ನುವ ಪ್ರಶ್ನೆ. 'ಏನೂ ಆಗಲ್ಲ ಬಿಡಿ' ಅನ್ನಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. 'ನೋಡೋಣ, ಪರಿಸ್ಥಿತಿ ಹೇಗೆ ಬರುತ್ತೋ' ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಕೇಳಿದವರ ನಿದ್ದೆ ಇನ್ನಷ್ಟು ಕೆಡುತ್ತದೆ.

ಇಲ್ಲಿ ಹಲವರು ಎಡವುವ ಒಂದು ಸೂಕ್ಷ್ಮ ಇದೆ. ಗೊತ್ತಿಲ್ಲದಾಗ 'ಗೊತ್ತಿಲ್ಲ' ಅಂದು, ಗೊತ್ತಿದ್ದಾಗ ಮಾತ್ರ 'ಅದರ ಬಗ್ಗೆ ಮಾತಾಡುವ ಹಾಗಿಲ್ಲ' ಅಂದರೆ, ಆ ಎರಡನೇ ಮಾತೇ ಗುಟ್ಟು ರಟ್ಟು ಮಾಡುತ್ತದೆ. ಅದಕ್ಕೆ ಮೊದಲ ದಿನವೇ ಎಲ್ಲರೆದುರು ನಿಯಮ ಹಾಕಿ: 'ಯಾರ ಕೆಲಸ ಇರುತ್ತೆ, ಯಾರದ್ದು ಹೋಗುತ್ತೆ ಅನ್ನೋದನ್ನ, ನನಗೆ ಗೊತ್ತಿದ್ರೂ ಗೊತ್ತಿಲ್ಲದಿದ್ರೂ, ನಾನು ಹೇಳಲ್ಲ. ಅದು ನನ್ನ ಬಾಯಿಂದ ಬರಬೇಕಾದ ವಿಷಯ ಅಲ್ಲ. ಆದರೆ ಸುಳ್ಳು ಭರವಸೆ ಯಾವತ್ತೂ ಕೊಡಲ್ಲ. ನಿಮ್ಮ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಏನಿದೆಯೋ ಅದನ್ನ ಇವತ್ತೇ ಕೇಳಿ, ಹೇಳ್ತೀನಿ.' ಆಮೇಲೆ ನಿಜವಾಗಿಯೂ ಹೇಳಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರು ಯಾವುದರಲ್ಲಿ ಗಟ್ಟಿ, ಯಾವ ಯಂತ್ರ ಇನ್ನೂ ಕಲಿಯಬೇಕು ಅಂತ ಬಿಡಿಸಿ ಹೇಳಿ. ಕೆಲಸ ಉಳಿಯುತ್ತದೋ ಇಲ್ಲವೋ, ಆ ಮಾತು ಅವರ ಹತ್ತಿರ ಉಳಿಯುತ್ತದೆ.

'ನಾವೆಲ್ಲ ಒಂದೇ ಕುಟುಂಬ' ಅನ್ನುವ ಪದವನ್ನು ದಯವಿಟ್ಟು ಬಿಡಿ. ಕುಟುಂಬದಲ್ಲಿ ಐದು ಜನರನ್ನು ಪಟ್ಟಿ ಮಾಡಿ ಕಳಿಸುವುದಿಲ್ಲ.

ರಾತ್ರಿಪಾಳಿ

ಅಳತೆಗೋಲು ಅವರೇ, ನಿಮ್ಮ ಲೆಕ್ಕದಲ್ಲಿ ಎರಡು ಕಡೆ ನನ್ನ ತಕರಾರಿದೆ.

ಒಂದು, 270 ಗಂಟೆ ಇದೆ ಅಂತ 270ನ್ನೂ ತುಂಬಿಸಿಬಿಟ್ಟಿರಿ. ಒಬ್ಬರಿಗೆ ಜ್ವರ ಬಂದರೆ ಇಡೀ ವಾರ ಕುಸಿಯುತ್ತದೆ. ಕರೆಗಳು ಹೊತ್ತುಗೊತ್ತಿಲ್ಲದೆ ಬರುವ ಕೆಲಸ ಇದು. ಒಬ್ಬನೇ ಕೂತು ಒಂದೊಂದಾಗಿ ಮುಗಿಸುವ ಸಾಲಿನ ಅತಿ ಸರಳ ಗಣಿತದಲ್ಲೂ, ಅವನು ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಹೊಸ ಕೆಲಸ ತನ್ನ ಸರದಿಗೆ ಕಾಯುವ ಸರಾಸರಿ ಸಮಯ ಒಂದು ರಿಪೇರಿಯ ಸಮಯದ 4 ಪಟ್ಟು. ಶೇ 90 ಆದರೆ 9 ಪಟ್ಟು, ಶೇ 95 ಆದರೆ 19 ಪಟ್ಟು. ಒಂಬತ್ತು ಜನ ಹಂಚಿಕೊಂಡರೆ ಅಂಕಿ ಇಷ್ಟು ಕೆಟ್ಟದಾಗಿರುವುದಿಲ್ಲ, ಆದರೆ ಏರುವ ರೀತಿ ಇದೇ. ಪೂರ್ತಿ ತುಂಬಿಸಿದ ಟೀಮ್ ನೋಡಲು ಚುರುಕಾಗಿ ಕಾಣುತ್ತದೆ, ಲ್ಯಾಬಿನಲ್ಲಿ ರೋಗಿಯ ಸ್ಯಾಂಪಲ್ ಮಾತ್ರ ಕಾಯುತ್ತಲೇ ಇರುತ್ತದೆ. ಶೇ 15 ಖಾಲಿ ಬಿಡಿ, ಅಂದರೆ ಸುಮಾರು 230 ಗಂಟೆಗೆ ನಿಲ್ಲಿಸಿ.

ಎರಡು, ತರಬೇತಿಯನ್ನು 25ರಿಂದ 10ಕ್ಕೆ ಇಳಿಸಿದ್ದು ತಪ್ಪು. ದಿನದ ಕೊನೆಗೆ ಮಾಡಬೇಕಾದ ತೊಳೆಯುವ ಕೆಲಸ ಬಿಟ್ಟಿದ್ದು, ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದ್ದು, ಹೆಪ್ಪುಗಟ್ಟಿದ ಸ್ಯಾಂಪಲ್ ನೋಡದೆ ಇಟ್ಟು ಪ್ರೋಬ್ ಕಟ್ಟಿಕೊಂಡದ್ದು, ಇಂಥವೆಲ್ಲ ತುರ್ತು ಕರೆಯ ವೇಷದಲ್ಲಿ ಬರುತ್ತವೆ. 25 ಗಂಟೆ ಹಾಗೇ ಇರಲಿ, ಆದರೆ ಎಲ್ಲರಿಗೂ ಸಮನಾಗಿ ಹಂಚಬೇಡಿ. ಹೋದ ಮೂರು ತಿಂಗಳಲ್ಲಿ ಅತಿ ಹೆಚ್ಚು ಕರೆ ಮಾಡಿದ ಹತ್ತು ಲ್ಯಾಬುಗಳಿಗೆ ಮಾತ್ರ ಕೊಡಿ.

ಹಾಗಾದರೆ ಗಂಟೆ ಎಲ್ಲಿಂದ ತರುವುದು? ಆ 120ರಲ್ಲಿ ಹುಡುಕಿ. ತುರ್ತು ರಿಪೇರಿಯಲ್ಲಿ ಅತಿ ದುಬಾರಿಯಾದದ್ದು ಎರಡನೇ ಭೇಟಿ: ಹೋಗಿ ನೋಡಿ, ಬೇಕಾದ ಬಿಡಿಭಾಗ ಬ್ಯಾಗಿನಲ್ಲಿಲ್ಲ, ನಾಳೆ ಮತ್ತೆ ಬರ್ತೀನಿ ಅನ್ನುವುದು. ಹೊರಡುವ ಮುಂಚೆ ಫೋನಿನಲ್ಲೇ ಐದು ವಿಷಯ ಕೇಳಿ: ಪರದೆ ಮೇಲಿನ ಎರರ್ ಕೋಡ್, ಆ ಪರದೆಯ ಫೋಟೊ, ಕೊನೆಯ ಕ್ಯಾಲಿಬ್ರೇಷನ್ ತಾರೀಖು, ಇವತ್ತಿನ ಕಂಟ್ರೋಲ್ ಸ್ಯಾಂಪಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್) ಫಲಿತಾಂಶ, ರೀಏಜೆಂಟ್ ಲಾಟ್ ಬದಲಾಗಿದೆಯೇ. ಫೋನಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರು ಟೀಮಿನ ಅತಿ ಅನುಭವಿ ಆಗಿರಬೇಕು. ಸಾಮಾನ್ಯವಾಗಿ ಹೊಸಬರನ್ನು ಫೋನಿಗೆ ಕೂರಿಸುತ್ತಾರೆ, ಈ ಹೊತ್ತಿನಲ್ಲಿ ಅದು ತಲೆಕೆಳಗು. ಅನುಭವಿ ಒಂದು ಕರೆಯಲ್ಲಿ ತಪ್ಪಿಸುವ ಪ್ರಯಾಣ ಅರ್ಧ ದಿನದ್ದು. ಎರಡು ವಾರ ಎರಡನೇ ಭೇಟಿಗಳನ್ನು ಮಾತ್ರ ಎಣಿಸಿ ನೋಡಿ, ಎಷ್ಟು ಗಂಟೆ ಸೋರುತ್ತಿದೆ ಅಂತ ಗೊತ್ತಾಗುತ್ತದೆ.

ಅಷ್ಟಾದರೂ 230ಕ್ಕೆ ಇಳಿಯದಿದ್ದರೆ ಉಳಿಯುವ ದಾರಿ ಒಂದೇ: ಎಲ್ಲ ಲ್ಯಾಬಿಗೂ ಒಂದೇ ವೇಗದಲ್ಲಿ ಓಡುವುದನ್ನು ನಿಲ್ಲಿಸಬೇಕು. ಒಂದೇ ಯಂತ್ರ ಇರುವ ಲ್ಯಾಬ್ ಬೇರೆ, ಪಕ್ಕದಲ್ಲೇ ಬದಲಿ ಯಂತ್ರ ಇರುವ ಲ್ಯಾಬ್ ಬೇರೆ. ಎರಡನೆಯವರಿಗೆ ಒಂದು ದಿನ ತಡವಾದರೂ ರೋಗಿಗಳ ರಿಪೋರ್ಟು ನಿಲ್ಲುವುದಿಲ್ಲ. ಒಪ್ಪಂದದಲ್ಲಿ ಬರೆದ ಸಮಯ ಬದಲಿಸಲು ಮೇಲಿನವರ ಸಹಿ ಬೇಕು. ಬೇಕು ಅಂತ ಕೇಳಿ.

ಕೊನೆಗೆ ದಣಿವಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ವಿವರಿಸಿದಾಗ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಕೈಯಿಂದ ಆಗುವ ಕೆಲಸದ ಗುಣ ಇಳಿಯುವುದು. ನಿಮ್ಮ ಕೆಲಸದಲ್ಲಿ ಇದು ಮೊದಲು ಕಾಣುವ ಜಾಗ ಜಾಬ್ ಕಾರ್ಡ್, ಅಂದರೆ ಮಾಡಿದ ಕೆಲಸ ಬರೆದಿಡುವ ಚೀಟಿ. 'ಸ್ಯಾಂಪಲ್ ಪ್ರೋಬ್ ಕಟ್ಟಿಕೊಂಡಿತ್ತು, ತೆಗೆದು ತೊಳೆದು, ಅಲೈನ್‌ಮೆಂಟ್ ಸರಿಮಾಡಿ, ಎರಡು ಮಟ್ಟದ ಕಂಟ್ರೋಲ್ ಓಡಿಸಿದೆ, ಎರಡೂ ಮಿತಿಯೊಳಗೆ' ಅಂತ ಬರೆಯುತ್ತಿದ್ದವರು 'ಸರಿಮಾಡಲಾಗಿದೆ' ಅಂತ ಒಂದೇ ಪದ ಬರೆಯಲು ಶುರುಮಾಡುತ್ತಾರೆ. ಮೊದಲು ಜಗಳ ಆಡುತ್ತಿದ್ದವರು ಎಲ್ಲಕ್ಕೂ 'ಆಯ್ತು ಸರ್' ಅನ್ನುತ್ತಾರೆ. ಅದನ್ನು ಶಿಸ್ತಿನ ಸಮಸ್ಯೆ ಅಂದುಕೊಂಡು ಮೆಮೊ ಕೊಡುವವರೂ ಇದ್ದಾರೆ. ಮೊದಲು ಅವರ ಹೋದ ಮೂರು ವಾರದ ಗಂಟೆ ನೋಡಿ.

ಅಳತೆಗೋಲು

ತರಬೇತಿ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ವಾಪಸ್ ತಗೊಂಡೆ. ಖಾಲಿ ಜಾಗ ಬಿಡಬೇಕು ಅನ್ನುವುದೂ ಒಪ್ಪಿಗೆ. ಒಂದು ಎಚ್ಚರಿಕೆ: ಆ 40 ಗಂಟೆಯನ್ನು ಕ್ಯಾಲೆಂಡರಿನಲ್ಲಿ 'ಖಾಲಿ' ಅಂತ ಬಿಟ್ಟರೆ ಒಂದೇ ವಾರದಲ್ಲಿ ಯಾರೋ ಬಂದು ತುಂಬಿಸುತ್ತಾರೆ. 'ತುರ್ತು ಮೀಸಲು' ಅಂತ ಹೆಸರು ಕೊಟ್ಟು, ಯಾವ ದಿನ ಯಾರು ಅಂತ ಹಂಚಿ ಬರೆಯಿರಿ. ದಿನಕ್ಕೆ 8 ಗಂಟೆ, ವಾರಕ್ಕೆ 40, ಲೆಕ್ಕ ಸರಿಹೊಂದುತ್ತದೆ.

ದಿಕ್ಸೂಚಿ

ಉದ್ದೇಶದ ವಾಕ್ಯದ ಬಗ್ಗೆಯೇ ಯಾರೂ ಬರೆದಿಲ್ಲವಲ್ಲ, ಅದನ್ನು ನಾನು ಹೇಳುತ್ತೇನೆ.

ಒಳ್ಳೆಯ ಉದ್ದೇಶವನ್ನು ಗುರುತಿಸುವುದು ಸುಲಭ: ಎರಡು ಒಳ್ಳೆಯ ಕೆಲಸ ಡಿಕ್ಕಿ ಹೊಡೆದಾಗ ಯಾವುದು ಮೊದಲು ಅಂತ ಅದು ಹೇಳಬೇಕು. 'ಗ್ರಾಹಕರ ಸಂತೃಪ್ತಿ' ಅದನ್ನು ಹೇಳುವುದಿಲ್ಲ, ಇಬ್ಬರು ಗ್ರಾಹಕರು ಒಟ್ಟಿಗೆ ಫೋನ್ ಮಾಡಿದಾಗ ಅದರಿಂದ ಏನೂ ಪ್ರಯೋಜನವಿಲ್ಲ. ಕ್ರಮ ಬೇಕು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 1943ರಲ್ಲಿ ಬರೆದಿಟ್ಟುಕೊಂಡ ತತ್ವಪತ್ರದಲ್ಲಿ ಅದರ ಉತ್ಪನ್ನ ಬಳಸುವವರು ಮೊದಲು, ಷೇರುದಾರರು ಕೊನೆ. 1982ರಲ್ಲಿ ಶಿಕಾಗೊ ಸುತ್ತಮುತ್ತ ಆ ಕಂಪನಿಯ ನೋವಿನ ಔಷಧಿ ಟೈಲೆನಾಲ್ ಕ್ಯಾಪ್ಸೂಲಿಗೆ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಕಂಪನಿ ದೇಶದುದ್ದಕ್ಕೂ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಕೆಲವೇ ವಾರಗಳಲ್ಲಿ, ಯಾರಾದರೂ ತೆರೆದಿದ್ದರೆ ಗೊತ್ತಾಗುವಂಥ ಸೀಲು ಹಾಕಿದ ಬಾಟಲಿ ಹೊರಬಂತು. ಅಷ್ಟು ನಷ್ಟದ ತೀರ್ಮಾನಕ್ಕೆ ಎದೆಗಾರಿಕೆ ಬೇಕು, ನಿಜ. ಆದರೆ ಯಾರು ಮೊದಲು ಅನ್ನುವ ವಾದವನ್ನು ಆ ಹೊತ್ತಿನಲ್ಲಿ ಸೊನ್ನೆಯಿಂದ ಶುರುಮಾಡಬೇಕಿರಲಿಲ್ಲ. ಕ್ರಮ ಮೊದಲೇ ಬರೆದಿತ್ತು.

ಇನ್ನೊಂದು, ಉದ್ದೇಶ ಬದಲಾದರೆ ಬದಲಾಯಿತು ಅಂತ ಬಾಯಿಬಿಟ್ಟು ಹೇಳಬೇಕು. ಕಷ್ಟಕಾಲದ ನಾಯಕತ್ವ ಅಂದ ಕೂಡಲೇ ಎಲ್ಲರೂ ಶಾಕಲ್ಟನ್ ಹೆಸರು ತೆಗೆಯುತ್ತಾರೆ. 1914ರಲ್ಲಿ ಅಂಟಾರ್ಕ್ಟಿಕಾ ಖಂಡವನ್ನು ಅಡ್ಡ ದಾಟಲು ಹೊರಟವರು. 1915ರ ಜನವರಿಯಲ್ಲಿ ಎಂಡ್ಯೂರೆನ್ಸ್ ಹಡಗು ಹಿಮಕ್ಕೆ ಸಿಕ್ಕಿಬಿತ್ತು, ನವೆಂಬರಿನಲ್ಲಿ ಮುಳುಗಿತು. ಖಂಡ ದಾಟುವ ಮಾತು ಅಲ್ಲಿಗೆ ಮುಗಿಯಿತು. 28 ಜನರನ್ನೂ ಜೀವಂತ ಮನೆ ಸೇರಿಸುವುದೇ ಹೊಸ ಉದ್ದೇಶವಾಯಿತು. ಸಾಮಾನು ತಲಾ ಎರಡು ಪೌಂಡಿಗೆ ಇಳಿಸಿದರು, ಆದರೆ ಸುಮಾರು 12 ಪೌಂಡ್ ತೂಗುವ ಬ್ಯಾಂಜೊ ಒಂದನ್ನು ಶಾಕಲ್ಟನ್ ಬಿಡಗೊಡಲಿಲ್ಲ. ಹೊಸ ಉದ್ದೇಶಕ್ಕೆ ಆ ವಾದ್ಯ ಬೇಕಿತ್ತು. ಸಹಾಯ ತರಲು ಅವರು ಐದು ಜನರ ಜತೆ ಸಣ್ಣ ದೋಣಿಯಲ್ಲಿ ಹೋದ ಮೇಲೆ, ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನರನ್ನು ನೋಡಿಕೊಂಡವರು ಅವರ ಉಪನಾಯಕ ಫ್ರಾಂಕ್ ವೈಲ್ಡ್. 'ಬಾಸ್ ಇವತ್ತು ಬರಬಹುದು' ಅಂತ ಬೆಳಗ್ಗೆ ಎದ್ದರೆ ಎಲ್ಲರ ಹಾಸಿಗೆ ಸುತ್ತಿಸಿಡುತ್ತಿದ್ದರು. 1916ರ ಆಗಸ್ಟ್ 30ರಂದು ಹಡಗು ಬಂತು, 22 ಜನವೂ ಬದುಕಿದ್ದರು.

ಇದರ ಇನ್ನರ್ಧವನ್ನು ಬಹಳ ಜನ ಹೇಳುವುದಿಲ್ಲ, ನಮಗೆ ಬೇಕಾದದ್ದು ಅದೇ. ಖಂಡದ ಆಚೆ ಬದಿಯಲ್ಲಿ, ರಾಸ್ ಸಮುದ್ರದ ಕಡೆ, ಅದೇ ಯಾತ್ರೆಯ ಇನ್ನೊಂದು ತಂಡ ಇತ್ತು. ದಾಟಿ ಬರುವವರಿಗಾಗಿ ದಾರಿಯುದ್ದಕ್ಕೂ ಆಹಾರ ಕೂಡಿಡುವುದು ಅವರ ಕೆಲಸ. ಯಾರೂ ದಾಟಿ ಬರುವುದಿಲ್ಲ ಅನ್ನುವುದು ಅವರಿಗೆ ತಿಳಿಯಲು ದಾರಿಯೇ ಇರಲಿಲ್ಲ. ಸ್ಕರ್ವಿ ರೋಗದಲ್ಲಿ ನರಳುತ್ತಲೇ ಆಹಾರ ಇಟ್ಟು ಬಂದರು. ಮೂವರು ಸತ್ತರು. ಇಟ್ಟ ಆಹಾರವನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ನಿಮ್ಮ ಟೀಮಿನಲ್ಲೂ ಇಂಥ ಆಚೆ ಬದಿ ಇರುತ್ತದೆ. ಆಫೀಸಿಗೆ ಬಾರದೆ ನೇರವಾಗಿ ಲ್ಯಾಬಿಗೆ ಹೋಗುವ ಇಂಜಿನಿಯರ್, ಬಿಡಿಭಾಗದ ಸ್ಟೋರ್ ನೋಡುವವರು, ರಜೆಯಲ್ಲಿದ್ದವರು. ಡೆಮೊ ನಿಂತಿದೆ ಅಂತ ಗೊತ್ತಿಲ್ಲದೆ ಒಬ್ಬರು ಅದರ ತಯಾರಿಗೇ ಎರಡು ದಿನ ಸುರಿಯುತ್ತಾರೆ. ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ತಲುಪಿತು ಅಂತಲ್ಲ. ಬದಲಾದ ಮೂರ್ನಾಲ್ಕು ವಿಷಯವನ್ನು ಅವರ ಬಾಯಿಂದಲೇ ತಿರುಗಿ ಕೇಳಿ: 'ಸೋಮವಾರದಿಂದ ನೀವು ಏನು ಮಾಡಲ್ಲ?' ಸರಿಯಾಗಿ ಹೇಳಿದರೆ ಮಾತ್ರ ತಲುಪಿದೆ.

ಉದ್ದೇಶದ ಹೆಸರಿನಲ್ಲಿ ಬಿಟ್ಟಿ ಓವರ್‌ಟೈಮ್ ಕೇಳುವುದು ಕೂಡದು. ಒಂದು ಸಲ ಕೇಳಿದರೂ ಮುಂದೆ ಆ ಪದ ಕಿವಿಗೆ ಬಿದ್ದಾಗಲೆಲ್ಲ ಜನ ಗಡಿಯಾರ ನೋಡುತ್ತಾರೆ.

ಎರಡನೇಸಾಲು

ಎಲ್ಲರಿಗೂ ತುಂಬಾ ಧನ್ಯವಾದ. ಓದಿ ಒಂದು ಕರಡು ಬರೆದಿದ್ದೇನೆ, ತಿದ್ದಿ ಕೊಡಿ:

'ಗುಣಮಟ್ಟದ ಸೇವೆಯ ಮೂಲಕ ಪ್ರತಿ ಲ್ಯಾಬಿಗೂ ನಂಬಿಕಸ್ತ ಜತೆಗಾರರಾಗಿರುವುದು, ತನ್ಮೂಲಕ ರೋಗಿಗಳ ಆರೋಗ್ಯಕ್ಕೆ ಕೊಡುಗೆ ನೀಡುವುದು.'

ಮೇಲಿನವರಿಗೆ ಈ ಕಡಿತಗಳನ್ನು ಹೇಗೆ ಬರೆಯಲಿ? 'ಆಗಲ್ಲ' ಅಂತ ಬರೆದರೆ ನೆಗೆಟಿವ್ ಅನ್ನುತ್ತಾರೆ.

ದಿಕ್ಸೂಚಿ

ಆ ವಾಕ್ಯ ಬೇಡ. ಅದನ್ನು ಯಾವ ಕಂಪನಿಯ ಗೋಡೆಗೆ ಅಂಟಿಸಿದರೂ ಹೊಂದುತ್ತದೆ. 'ಜತೆಗಾರ', 'ಕೊಡುಗೆ' ತೆಗೆಯಿರಿ. ಯಂತ್ರ ನಿಂತಾಗ ಕಾಯುವ ಮನುಷ್ಯ ಯಾರು, ಎಷ್ಟು ಹೊತ್ತು ಕಾಯಬಹುದು, ಅದನ್ನು ಬರೆಯಿರಿ. ಜತೆಗೆ ಕ್ರಮ:

'ರೋಗಿಯ ಕೈಗೆ ತಪ್ಪು ರಿಪೋರ್ಟು ಹೋಗಬಾರದು. ಒಂದೇ ಯಂತ್ರ ಇರುವ ಲ್ಯಾಬು ಒಂದು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ನಿಗದಿತ ಸರ್ವೀಸ್ ತಪ್ಪಬಾರದು. ಉಳಿದದ್ದು ಇವುಗಳ ನಂತರ.'

ಮೊದಲ ಸಾಲು ಯಾಕೆ ಮೊದಲು ಅಂದರೆ, ಜನ ಕಡಿಮೆ ಇದ್ದಾಗ ಅವಸರದಲ್ಲಿ ಹಾರಿಸುವ ಹೆಜ್ಜೆ ಒಂದೇ: ರಿಪೇರಿ ಆದ ಮೇಲೆ ಕಂಟ್ರೋಲ್ ಓಡಿಸುವುದು. ಯಂತ್ರ ಓಡುತ್ತಿದೆ, ಲ್ಯಾಬಿನವರು ತಲೆ ಮೇಲೆ ನಿಂತಿದ್ದಾರೆ, ಮುಂದಿನ ಕರೆ ಬಂದಾಗಿದೆ. ಆ ಹೊತ್ತಿನಲ್ಲಿ 'ಕಂಟ್ರೋಲ್ ಮಿತಿಯೊಳಗೆ ಬರುವವರೆಗೆ ಯಂತ್ರ ಒಪ್ಪಿಸಲ್ಲ' ಅಂತ ನಿಲ್ಲುವ ಧೈರ್ಯ ಇಂಜಿನಿಯರಿಗೆ ಆ ಸಾಲಿನಿಂದ ಬರಬೇಕು. ಅದರಿಂದ ಮುಂದಿನ ಲ್ಯಾಬಿಗೆ ಒಂದು ಗಂಟೆ ತಡವಾದರೆ, ಬೈಗುಳ ನಿಮಗೆ ಬರಲಿ, ಅವರಿಗಲ್ಲ. ಹಾಗೆಂದು ಟೀಮಿಗೆ ಮುಂಚೆಯೇ ಹೇಳಿಬಿಡಿ.

ನೇರಮಾತು

ಮೇಲ್ ಬಗ್ಗೆ: 'ಆಗಲ್ಲ' ಅಂತಲೂ ಬರೆಯಬೇಡಿ, 'ಪ್ರಯತ್ನಿಸುತ್ತೇವೆ' ಅಂತಲೂ ಬರೆಯಬೇಡಿ. ಎರಡನೆಯದು ಇನ್ನೂ ಅಪಾಯ, ಅದನ್ನು ಒಪ್ಪಿಗೆ ಅಂತಲೇ ಓದುತ್ತಾರೆ. ಎರಡು ದಾರಿ ಮುಂದಿಟ್ಟು ಆಯ್ಕೆ ಅವರಿಗೆ ಬಿಡಿ. ಸುಮಾರು ಹೀಗೆ:

'ಈಗಿನ ಕೆಲಸದ ಪಟ್ಟಿಗೆ ವಾರಕ್ಕೆ 400 ಗಂಟೆ ಬೇಕು. 9 ಜನರಿಂದ ಸಿಗುವುದು 270. ಇದರಲ್ಲಿ 40 ಗಂಟೆ ತುರ್ತು ಮೀಸಲು. ದಾರಿ ಒಂದು: ಲಗತ್ತಿಸಿದ ಪಟ್ಟಿಯಂತೆ ಡೆಮೊ, ಸ್ಲೈಡು ಮತ್ತು ರಿಪೋರ್ಟುಗಳನ್ನು ಮೂರು ತಿಂಗಳು ನಿಲ್ಲಿಸುವುದು ಅಥವಾ ಇಳಿಸುವುದು, ಬದಲಿ ಯಂತ್ರ ಇರುವ ಲ್ಯಾಬುಗಳಿಗೆ ಭೇಟಿಯ ಸಮಯ ಒಂದು ದಿನ ಹೆಚ್ಚಿಸುವುದು. ದಾರಿ ಎರಡು: ಪಟ್ಟಿ ಹಾಗೇ ಉಳಿಸಿ, ಹೊರಗಿನಿಂದ ನಾಲ್ಕು ತಾತ್ಕಾಲಿಕ ಇಂಜಿನಿಯರುಗಳನ್ನು ತರುವುದು. ನನ್ನ ಶಿಫಾರಸು ಮೊದಲನೆಯದು. ಡೆಮೊ ವಿಷಯ ಸೇಲ್ಸ್ ಮುಖ್ಯಸ್ಥರ ಜತೆ ಮಾತಾಡಿದ್ದೇನೆ. ಬುಧವಾರದೊಳಗೆ ನಿಮ್ಮ ತೀರ್ಮಾನ ಬೇಕು, ಗುರುವಾರ ಮುಂದಿನ ವಾರದ ಪಾಳಿ ಹಾಕಬೇಕಿದೆ.'

ಗಮನಿಸಿ: ಸೇಲ್ಸ್‌ನವರ ಜತೆ ನಿಜವಾಗಿ ಮಾತಾಡಿದ ಮೇಲೆಯೇ ಆ ಸಾಲು ಬರೆಯಿರಿ. ಅವರಿಗೆ ಮೇಲ್ ಮೂಲಕ ಸುದ್ದಿ ಮುಟ್ಟಿದರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಾಗುತ್ತದೆ. ಬುಧವಾರ ಉತ್ತರ ಬರದಿದ್ದರೆ ಬುಧವಾರ ಸಂಜೆಯೇ ಫೋನ್ ಮಾಡಿ. ಫೋನಿನಲ್ಲಿ ಏನು ಹೇಳಿದರೋ ಅದನ್ನು ಎರಡು ಸಾಲಿನಲ್ಲಿ ಮೇಲ್ ಮಾಡಿ ಅವರಿಗೇ ಕಳಿಸಿ. ಶುಕ್ರವಾರ ಹತ್ತು ಗಂಟೆಗೆ ಟೀಮಿನೆದುರು ನಿಂತಾಗ 'ಕೇಳಿದ್ದೇನೆ, ಇಂಥ ಉತ್ತರ ಬಂದಿದೆ' ಅಂತ ಹೇಳಲು ನಿಮ್ಮ ಕೈಯಲ್ಲಿ ಅದು ಇರಬೇಕು.

ರಾತ್ರಿಪಾಳಿ

'ನಾಲ್ಕು ಇಂಜಿನಿಯರ್' ಅನ್ನುವ ಅಂಕಿ ಕಳಿಸುವ ಮುಂಚೆ ಸರಿನೋಡಿ. ತಲಾ 40ರಲ್ಲಿ ಕೆಲಸಕ್ಕೆ ಸಿಗುವುದು 30. ಕೊರತೆ 130, ಅದರ ಜತೆ ಮೀಸಲು 40, ಅಂದರೆ 170. ಹೊರಗಿನಿಂದ ಬೇಕಾಗುವುದು ಆರು ಜನ, ನಾಲ್ಕಲ್ಲ. ಹೊಸಬರಿಗೆ ನಿಮ್ಮ ಯಂತ್ರ ಕಲಿಸಲು ಹೋಗುವ ಗಂಟೆ ಇದರಲ್ಲಿ ಸೇರಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ನೇರಮಾತು

ಹೌದು, ನನ್ನ ಲೆಕ್ಕ ತಪ್ಪಿತ್ತು. ಆರು ಅಂತಲೇ ಬರೆಯಿರಿ.